ಗಾಲಿ ಕಟ್ಟಿಸಿ ಕೊಂಡ ಜೀಪು

ಹಾಲಸಿದ್ದಪ್ಪನಿಗೆ ಹಿಡಿಸದ ಸಂಗತಿಗಳನ್ನು ಎಣಿಸುವುದಕ್ಕಿಂತ ಹಿಡಿಸುವ ಸಂಗತಿಯನ್ನು ಹೇಳಿಬಿಡುವುದು ಸುಲಭ. ಅದು ಒಂದೇ: ದೊಡ್ಡ ಡೀಸೆಲ್ ಎಂಜಿನ್ನು. ಉಳಿದ ಜಗತ್ತಿಗೆಲ್ಲ ಅವನ ಬಳಿ ಇರುವ ಉತ್ತರ ‘ಥೂ’. ಚಹಾ ಸಿಹಿಯಾದರೆ ಥೂ, ಸಪ್ಪಗಾದರೆ ಥೂ. ಸಿಮೆಂಟು ರಸ್ತೆಗೆ ಥೂ, ಅದರೊಳಗಿನ ಕುಣಿಗೂ ಥೂ. ಹೊಸ ಅಂಗಿ ಹಾಕಿಕೊಂಡ ದಿನ ಕನ್ನಡಿ ನೋಡಿ ತನಗೂ ಒಮ್ಮೆ ಉಗುಳಿ ಹೊರಡುತ್ತಾನೆ. ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡಿಕೊಂಡು, ದಿನವಿಡೀ ಗಿರಾಕಿಗಳ ಸಿಹಿ ಮಾತು ಕೇಳಿ ಕಿವಿ ಜಿಡ್ಡುಗಟ್ಟಿದ ನನ್ನಂಥವನಿಗೆ ಅವನ ಥೂ ಒಂದು ಥರದ ಔಷಧ.

ಬೀಳಗಿಯಿಂದಾಚೆ, ಕೃಷ್ಣೆಯ ಹಿನ್ನೀರಿನ ದಂಡೆಗೆ ಅವನ ವಸ್ತಿ. ಹಳೆಯ ಊರು ನೀರೊಳಗೆ ಹೋಗಿ ಜನರೆಲ್ಲ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋದಾಗ, ಎಮ್ಮೆ ಕಟ್ಟಿಕೊಂಡಿದ್ದ ಕೆಲವು ಮನೆಯವರು ಮಾತ್ರ ಹಸಿ ಮೇವು ಬಿಟ್ಟು ಏರಲಿಲ್ಲ. ದಂಡೆಯಲ್ಲೇ ತಗಡು ಹೊದಿಸಿಕೊಂಡು ಉಳಿದರು. ನಮ್ಮದೂ ಅಲ್ಲಿ ತುಸು ಹೊಲವಿದೆ, ಪಾಲಿಗೆ ಕೊಟ್ಟಿದ್ದೇನೆ, ಆಗಾಗ ಹೋಗುತ್ತೇನೆ. ವಸ್ತಿಯಿಂದ ಡಾಂಬರು ರಸ್ತೆಗೆ ಬರಬೇಕೆಂದರೆ ಒಂದು ದಿನ್ನೆ ಏರಬೇಕು. ಕೆಳಗೆ ಎರೆಮಣ್ಣು, ಮೇಲೆ ಕಲ್ಲು. ಮಳೆ ಬಿತ್ತೆಂದರೆ ಆ ಎರೆ ಚಪ್ಪಲಿಯನ್ನು ತಾನಿಟ್ಟುಕೊಂಡು ಮನುಷ್ಯನನ್ನಷ್ಟೇ ಮುಂದೆ ಕಳಿಸುತ್ತದೆ. ಹಾಲಿನ ಲಾರಿ ಮುಂಜಾನೆ ಮೇಲಿನ ರಸ್ತೆಗೆ ಬರುತ್ತದೆ, ಹಾರ್ನ್ ಹೊಡೆಯುತ್ತದೆ, ಹೋಗಿಬಿಡುತ್ತದೆ. ಟ್ರ್ಯಾಕ್ಟರ್ ಇಡುವಷ್ಟು ಹೊಲ ವಸ್ತಿಯಲ್ಲಿ ಯಾರಿಗೂ ಉಳಿದಿಲ್ಲ. ಬಾಡಿಗೆಯವರನ್ನು ಕರೆದರೆ, ಅವರು ಹಲ್ಲುಜ್ಜಿ ಬರುವಷ್ಟರಲ್ಲಿ ಹಾಲು ಮೊಸರಾಗಿರುತ್ತದೆ.

ಹಾಲಸಿದ್ದಪ್ಪನ ಜೀಪು ಇದ್ದದ್ದು ಇದಕ್ಕಾಗಿ. ಒಂದು ಮಳೆಗಾಲ ಹಾಲಿನ ಕ್ಯಾನು ಹೊತ್ತ ಹೆಣ್ಣುಮಗಳೊಬ್ಬಳು ದಿನ್ನೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಅದಾದ ಮೇಲೆ ಅವನು ಎಲ್ಲಿಂದಲೋ ಒಂದು ಹಳೆಯ ಜೀಪು ತಂದು, ಹಿಂದೆ ಸಣ್ಣ ಟ್ರಾಲಿ ಕಟ್ಟಿ, ವಸ್ತಿಯ ನಡುವೆ ನಿಲ್ಲಿಸಿ ಹೇಳಿದ್ದ: “ಇನ್ನ ಈ ವಸ್ತ್ಯಾಗ ಯಾರ ತಲಿ ಮ್ಯಾಲೂ ಕ್ಯಾನ್ ಬರೂದಿಲ್ಲ.” ಅವನು ಉಗುಳದೆ ಆಡಿದ ಮಾತು ಅದೊಂದೇ ಇರಬೇಕು.

ಆ ಜೀಪಿಗೆ ಅದರ ಹುಟ್ಟಿನ ಎಂಜಿನ್ನು ಸಾಲಲಿಲ್ಲ. ಜಮಖಂಡಿಯ ಮಿಸ್ತ್ರಿ ಬಾಳು, ಗುಜರಿಗೆ ಹೋಗಿದ್ದ ಒಂದು ಲಾರಿಯ ಎಂಜಿನ್ನು ತಂದು ಅದರ ಹೊಟ್ಟೆಗೆ ಕೂಡಿಸಿಕೊಟ್ಟ. ಬಾನೆಟ್ ಮುಚ್ಚಲಾಗದೆ ತಂತಿ ಬಿಗಿಯಬೇಕಾಯಿತು. ಆದರೆ ಹದಿನೈದು ವರ್ಷ ದಿನ್ನೆ ಅದಕ್ಕೆ ತಲೆಬಾಗಿತ್ತು. ಮೊನ್ನೆ ಫಾಲ್ಗುಣದಲ್ಲಿ ಮರುಪಾಸಿಂಗಿಗೆಂದು ಆರ್‌ಟಿಓ ಕಚೇರಿಗೆ ಹೋದಾಗ ಅಲ್ಲಿನ ಸಾಹೇಬರು ತಂತಿ ಬಿಚ್ಚಿಸಿ ಒಳಗೆ ಇಣುಕಿದರು.

“ಈ ಎಂಜಿನ್ ಯಾವುದು? ಕಾಗದದಾಗ ಇರೂ ನಂಬರೇ ಬ್ಯಾರೆ ಐತಿ.”

“ಕಾಗದ ದಿನ್ನಿ ಏರೂದಿಲ್ರಿ ಸಾಹೇಬ್ರ.”

“ಹಂಗಾರ ಇನ್ನ ಈ ಗಾಡೀನೂ ಏರೂದು ಬ್ಯಾಡ,” ಅಂದರು ಸಾಹೇಬರು. ಮಾತಿಗೆ ಮಾತು ಸರಿಹೋಯಿತು, ಜೀಪು ನಿಂತಿತು.

ಮರುದಿನದಿಂದಲೇ ಕ್ಯಾನುಗಳು ಮತ್ತೆ ತಲೆ ಏರಿದವು. ವಸ್ತಿಯ ಹಿರಿಯ ಹೆಣ್ಣುಮಗಳು ಸಿದ್ದಕ್ಕ ದಿನವೂ ಹಾಲಸಿದ್ದಪ್ಪನ ಮನೆಯ ಮುಂದೆಯೇ ಹಾಯುತ್ತಿದ್ದಳು, ಬೇರೆ ದಾರಿ ಇದ್ದರೂ. ಹಾಯುವಾಗ ಕುತ್ತಿಗೆ ತಿರುಗಿಸಲಾಗದ್ದರಿಂದ ಮುಂದೆ ನೋಡುತ್ತಲೇ ಕೇಳುತ್ತಿದ್ದಳು: “ಹಾಲ್ಯಾ, ಎದ್ದೀಯೇನಪಾ? ಮಲಕೋ, ಮಲಕೋ, ನಾವ ಹೊಂಟೇವಿ.” ಒಳಗಿಂದ ಥೂ ಕೇಳುತ್ತಿತ್ತು. ಅವನ ಹೆಂಡತಿ ತಂಗೆವ್ವ ಹೇಳಿದಳು, ಆ ದಿನಗಳಲ್ಲಿ ಅವನು ಊಟಕ್ಕೂ ಉಗುಳುತ್ತಿದ್ದನಂತೆ.

ಹೀಗೆ ಅವನು ಒಂದು ದಿನ ನನ್ನ ಅಂಗಡಿಗೆ ಬಂದ. “ಸಾವಕಾರ್ರ, ಹೊಸಾ ಜೀಪು ತರೂದೈತಿ. ಎಂಜಿನ್ ದೊಡ್ಡದು ಬೇಕು, ಅದೂ ಕಂಪನಿ ಹಾಕಿದ್ದು. ಬಾಳು ಹಾಕಿದ್ರ ಮತ್ತ ಸಾಹೇಬ ಬಾನೆಟ್ ಎತ್ತತಾನು. ನೀವು ಕೂಡ ಬರ್ರಿ. ರೇಟ್ ಹೇಳೂ ಮುಂದ ನನಗ ಉಗುಳ ತಡಿಯಾಂಗಿಲ್ಲ.”

ಜಮಖಂಡಿಯ ಶೋರೂಮು ಗಾಜಿನ ಕಟ್ಟಡ. ಬಾಗಿಲಲ್ಲೇ ರಾಹುಲ ಎಂಬ ಮಾರಾಟದ ಹುಡುಗ, ಕೊರಳಲ್ಲಿ ಟೈ, ಬಾಯಲ್ಲಿ ಏಲಕ್ಕಿ.

“ಬರ್ರಿ ಅಂಕಲ್!”

ಹಾಲಸಿದ್ದಪ್ಪ ಆ ‘ಅಂಕಲ್’ಗೆ ಉಗುಳಬೇಕೆಂದು ಬಾಯಿ ತುಂಬಿಕೊಂಡ. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನುಂಗಿಕೊಂಡ.

“ಎಂಜಿನ್ ಎಷ್ಟರದು?”

“ಹೇಳ್ತೀನ್ರಿ, ಮೊದಲ ಇದನ್ನ ನೋಡ್ರಿ.” ರಾಹುಲ ಗುಂಡಿ ಒತ್ತಿದ. ಜೀಪಿನ ಮಾಡಿನ ಗಾಜು ಮೆಲ್ಲಗೆ ಸರಿಯಿತು. “ಸನ್‌ರೂಫ್. ಕುಂತಲ್ಲೇ ಆಕಾಶ ಕಾಣ್ತೈತಿ.”

“ಆಕಾಶ ನಮ್ಮ ಕಡೆ ಪುಕ್ಕಟೆ ಕಾಣ್ತೈತಿ ತಮ್ಮಾ. ಎಂಜಿನ್ ಎಷ್ಟರದು?”

“ಈ ಗಾಡಿ ನೀವ ಹೇಳಿದ್ದ ಕೇಳ್ತೈತ್ರಿ. ಬಾಯಿಲೆ ಅಂದ್ರ ಸಾಕು, ಎ.ಸಿ. ಹಾಕ್ತೈತಿ, ಹಾಡ ಹಚ್ಚತೈತಿ.”

“ದಿನ್ನಿ ಏರು ಅಂದ್ರ ಏರತೈತೇನು?”

ರಾಹುಲ ನಕ್ಕು, ಕಾಲಿಡುವ ಜಾಗದಲ್ಲಿ ನೀಲಿ ದೀಪ ಹೊತ್ತಿಸಿ ತೋರಿಸಿದ. ಹಾಲಸಿದ್ದಪ್ಪ ಬಗ್ಗಿ ಬಹಳ ಹೊತ್ತು ನೋಡಿದ. “ಇದೇನು, ಚಪ್ಪಲಿ ಹುಡುಕಾಕೇನು?”

ಕೊನೆಗೆ ಎಂಜಿನ್ನಿನ ಮಾತು ಬಂತು. ಎಳೆದೂ ಎಳೆದೂ ಹೊರಬಂದ ಸಂಗತಿ ಇಷ್ಟು. ದೊಡ್ಡ ಎಂಜಿನ್ನು ಇದೆ, ಆದರೆ ಅದು ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿಗೆ. ನಾಲ್ಕೂ ಗಾಲಿ ಎಳೆಯಬೇಕೆಂದರೆ ಸಣ್ಣ ಎಂಜಿನ್ನು, ಅದೂ ಚರ್ಮದ ಸೀಟು, ಮಾಡಿನ ಗಾಜು, ಟಿವಿಯಂಥ ಪರದೆ ಎಲ್ಲ ಸೇರಿ.

“ದೊಡ್ಡ ಎಂಜಿನ್, ನಾಕೂ ಗಾಲಿ, ಎರಡೂ ಕೂಡಿದ್ದು ಇಲ್ಲೇನು?”

“ಐತ್ರಿ. ಅದನ್ನ ಹೊರದೇಶಕ್ಕ ಕಳಸ್ತಾರ್ರಿ.”

“ಅಂದ್ರ ಅವರಿಗೆ ಮಾಡಾಕ ಬರತೈತಿ?”

“ಬರತೈತ್ರಿ.”

“ನಮಗ ಕೊಡಾಕ ಬರೂದಿಲ್ಲ?”

“ಇಲ್ಲಿ ಯಾರೂ ಕೇಳೂದಿಲ್ರಿ ಅಂಕಲ್. ಬಂದ ಗಿರಾಕಿ ಮೊದಲ ಸನ್‌ರೂಫ್ ಐತೇನ ಅಂತಾರ.”

“ಈಗ ನಾ ಕೇಳಾಕತ್ತೇನಲ್ಲ? ನಾ ಯಾರೂ ಅಲ್ಲೇನು?”

ರಾಹುಲನ ಏಲಕ್ಕಿ ಅಲ್ಲಿಗೇ ನಿಂತಿತು. ನನಗೆ ಮಾತ್ರ ಈ ವ್ಯಾಪಾರ ಹೊಸದಾಗಿ ಕಾಣಲಿಲ್ಲ. ನಮ್ಮ ಪೇಟೆಯಲ್ಲೂ ಸೀರೆಯ ಅಂಚು ವರ್ಷ ವರ್ಷ ಅಗಲವಾಗುತ್ತ ಹೋಗುತ್ತದೆ, ಒಡಲಿನ ನೂಲು ತೆಳುವಾಗುತ್ತ ಹೋಗುತ್ತದೆ. ಉಡುವವಳು ಅಂಚು ನೋಡಿ ಕೊಳ್ಳುತ್ತಾಳೆ, ಒಡಲು ಹರಿದಾಗ ತನ್ನ ಮೈಯನ್ನೇ ಬಯ್ದುಕೊಳ್ಳುತ್ತಾಳೆ. ಆದರೆ ಸೀರೆ ಉಟ್ಟು ಯಾರೂ ಎರೆಯಲ್ಲಿ ಟ್ರಾಲಿ ಎಳೆಯುವುದಿಲ್ಲ. ಜೀಪು ಮಾಡುವವರು ಬೆಟ್ಟದ ಚಿತ್ರ ಅಂಟಿಸಿ ಮಾರುತ್ತಾರೆ, ಏರುವ ಎಂಜಿನ್ನನ್ನು ಹಡಗಿಗೆ ಹಾಕಿ ಕಳಿಸುತ್ತಾರೆ. ವ್ಯಾಪಾರಿಯಾಗಿ ನಾನು ಬಹಳ ನೋಡಿದ್ದೇನೆ. ಇದು ಮಾತ್ರ ನನಗೂ ಹೇಸಿಗೆ ಬರಿಸಿತು.

“ಹಿಂಗ ಮಾಡ್ರಿ,” ಅಂದ ಹಾಲಸಿದ್ದಪ್ಪ. “ಸೀಟ ಬ್ಯಾಡ, ಗಾಜ ಬ್ಯಾಡ, ಹಾಡ ಬ್ಯಾಡ, ದೀಪ ಬ್ಯಾಡ. ಎಲ್ಲಾ ತಗೀರಿ. ಅದರ ಬದಲಿ ಎಂಜಿನ್ ದೊಡ್ಡದು ಕೂಡಿಸಿ ಕೊಡ್ರಿ.”

“ಹಂಗ ಬಿಡಿಬಿಡಿ ಮಾಡಿ ಕೊಡಾಕ ಇದೇನು ಕಾಯಿಪಲ್ಯದ ಸಂತಿ ಅಲ್ರಿ ಅಂಕಲ್.”

ಸಂತೆ ಎಂಬ ಮಾತು ಬಂದದ್ದೇ ತಡ, ಹಾಲಸಿದ್ದಪ್ಪನ ಮುಖದಲ್ಲಿ ಬೆಳಕು ಕಂಡಿತು. ಅವನ ಅಪ್ಪ ಮುಧೋಳದ ದನದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿದವನು. ಅಲ್ಲಿ ಹಳಬರದೊಂದು ರಿವಾಜಿತ್ತು. ಎತ್ತಿನ ಕಸುವಿನ ಬಗ್ಗೆ ಸಂಶಯ ಬಂದರೆ ಕೊಳ್ಳುವವನು ‘ಗಾಲಿ ಕಟ್ಟಿಸಿ’ ಎನ್ನುತ್ತಿದ್ದ. ಕಲ್ಲು ಹೇರಿದ ಬಂಡಿಯ ಗಾಲಿಗಳನ್ನು ತಿರುಗದಂತೆ ಹಗ್ಗದಿಂದ ಬಿಗಿದು, ಎತ್ತುಗಳಿಗೆ ನೊಗ ಇಟ್ಟು ಎಳೆಸುವುದು. ಎಳೆಯಲಿಲ್ಲವೋ, ಮಾರುವವನು ಎಲ್ಲರೆದುರು ತಲೆ ತಗ್ಗಿಸಿ ಎತ್ತು ಹೊಡೆದುಕೊಂಡು ಹೋಗಬೇಕು. ಎಳೆದವೋ, ಕೊಳ್ಳುವವನು ಮತ್ತೆ ಬೇಡ ಎನ್ನುವಂತಿಲ್ಲ. ಹೇಳಿದ ಬೆಲೆಗೆ ಹಗ್ಗ ಹಿಡಿಯಬೇಕು. ಹಾಗಾಗಿ ಬುದ್ಧಿ ಇದ್ದವರು ಗಾಲಿ ಕಟ್ಟಿಸಲು ಹೋಗುತ್ತಿರಲಿಲ್ಲ.

“ನಮ್ಮ ದಿನ್ನಿಗೆ ಈ ಸಣ್ಣ ಎಂಜಿನ್ ತರ್ರಿ,” ಅಂದ ಹಾಲಸಿದ್ದಪ್ಪ. “ನಮ್ಮ ಟ್ರಾಲಿ ಗಾಲಿ ಕಟ್ಟತೀನಿ. ಜಗ್ಗಲಿಲ್ಲ ಅಂದ್ರ, ಅಲ್ಲೇ ನಿಂತ ಕಂಪನಿಗೆ ಬರೀರಿ: ಬೀಳಗಿ ಕಡೆ ದೊಡ್ಡ ಎಂಜಿನ್ ಬೇಕು, ನಾಕ ಗಾಲಿಗೆ. ಗಿರಾಕಿ ಹೆಸರು ಹಾಲಸಿದ್ದಪ್ಪ.”

ರಾಹುಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲು ಒಳ್ಳೆಯ ಜಾಗ ಸಿಕ್ಕಿತೆಂದು ಒಪ್ಪಿಕೊಂಡ. ಜಗ್ಗಿದರೆ ಏನು ಎಂದು ಅವನು ಕೇಳಲೇ ಇಲ್ಲ. ಅವನಿಗೇನು ಗೊತ್ತು.

ಅದು ಮೇ ತಿಂಗಳು. ಹಿನ್ನೀರು ಎಷ್ಟೋ ದೂರ ಸರಿದು, ಎರೆಯೆಲ್ಲ ಬಿರುಕುಬಿಟ್ಟು ಹಂಚಿನಂತೆ ಗಟ್ಟಿಯಾಗಿತ್ತು. ಕೆಂಪು ಬಣ್ಣದ ಜೀಪು ದಿನ್ನೆಯ ಬುಡಕ್ಕೆ ಬಂದು ನಿಂತಿತು. ವಸ್ತಿಯೇ ನೆರೆಯಿತು. ಹಾಲಸಿದ್ದಪ್ಪ ಕ್ಯಾನುಗಳಿಗೆಲ್ಲ ನೀರು ತುಂಬಿಸಿ ಟ್ರಾಲಿಗೆ ಹೇರಿದ, ಗಾಲಿಗಳನ್ನು ತಾನೇ ಬಿಗಿದ, ಗಂಟನ್ನು ಎರಡೆರಡು ಸಲ ಒದ್ದು ನೋಡಿದ. ಆಮೇಲೆ ಸಂತೆಯಲ್ಲಿ ಕೊಳ್ಳುವವನು ನಿಲ್ಲುವಂತೆ, ಕೈ ಹಿಂದೆ ಕಟ್ಟಿಕೊಂಡು ದೂರ ನಿಂತ. ಮುಖದ ಮೇಲೆ ಗೆದ್ದವನ ಕಳೆ.

“ಹೂಂ, ಬಿಡ್ರಿ.”

ಜೀಪು ಒಮ್ಮೆ ಗುರುಗುಟ್ಟಿತು. ಹಿಂದಕ್ಕೊಂದು ಜೋಲಿ ಹೊಡೆಯಿತು. ಆಮೇಲೆ ಹೊರಟಿತು. ಟ್ರಾಲಿಯ ಕಟ್ಟಿದ ಗಾಲಿಗಳು ಒಣ ನೆಲದ ಮೇಲೆ ಧೂಳೆಬ್ಬಿಸುತ್ತ, ಕಲ್ಲು ಕೀಸುತ್ತ ಜಾರಿಕೊಂಡು ಅದರ ಹಿಂದೆಯೇ ಹೋದವು. ದಿನ್ನೆಯ ನೆತ್ತಿಯಲ್ಲಿ ಜೀಪು ನಿಂತು ಹಾರ್ನ್ ಹೊಡೆಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ರಾಹುಲ ಮೊಬೈಲು ಎತ್ತಿ ಹಿಡಿದು ಕುಣಿಯುವುದೊಂದು ಬಾಕಿ.

ಹಾಲಸಿದ್ದಪ್ಪ ನಿಧಾನವಾಗಿ ಮೇಲೇರಿ ಬಂದ. ಬಾನೆಟ್ ಮೇಲೆ ಅಂಗೈ ಇಟ್ಟು, ಎತ್ತಿನ ಗಂಟಲು ನಡುಗುತ್ತಿದೆಯೇ ಎಂದು ನೋಡುವ ಹಾಗೆ ನೋಡಿದ. ನಡುಗುತ್ತಿರಲಿಲ್ಲ. ನನ್ನ ಕಡೆ ತಿರುಗಿದ.

“ಸಾವಕಾರ್ರ, ವ್ಯವಹಾರ ಮುಗಸ್ರಿ.”

“ಏನಂತೀಯೋ? ಇದು ಬ್ಯಾಸಗಿ ನೆಲ. ಮಳ್ಯಾಗ ಒಮ್ಮೆ ನೋಡೂಣು.”

“ಗಾಲಿ ಕಟ್ಟಿಸಿದ ಮ್ಯಾಲ ಬ್ಯಾಡ ಅನ್ನಾಕ ಬರೂದಿಲ್ರಿ. ನಮ್ಮಪ್ಪ ಎಂದೂ ಅಂದಿಲ್ಲ.”

“ಇದು ಎತ್ತಲ್ಲೋ ಮಾರಾಯಾ! ಆ ಹುಡುಗನಿಗೆ ನಿಮ್ಮ ರಿವಾಜ ಗೊತ್ತೇ ಇಲ್ಲ.”

“ಅವಗ ಗೊತ್ತಿಲ್ಲ, ಖರೆ. ನನಗ ಗೊತ್ತೈತಲ್ಲ.”

ಇಂಥವನ ಪರವಾಗಿ ಚೌಕಾಸಿ ಮಾಡುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಗಿರಾಕಿಯೇ ಪಕ್ಕದಲ್ಲಿ ನಿಂತು ‘ಹೇಳಿದಷ್ಟು ಕೊಡ್ರಿ’ ಎನ್ನುತ್ತಿದ್ದರೆ ದಲಾಲಿಯ ಬಾಯಿಗೆ ಏನು ಬೆಲೆ? ನನ್ನ ಗೆಲುವೆಲ್ಲ ಕಾಲೊರೆಸುವ ಒಂದು ರಬ್ಬರ್ ಹಾಸಿನಲ್ಲಿ ಮುಗಿಯಿತು. ಶೋರೂಮಿನಲ್ಲಿ ಬೀಗದ ಕೈ ಕೊಡುವಾಗ ಅವರು ಹಾರ ಹಾಕಿ, ಕೇಕು ಕೊಯ್ಯಿಸಿ, ಫೋಟೋಕ್ಕೆ ನಗಲು ಹೇಳಿದರು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಹಾಲಸಿದ್ದಪ್ಪ ಮಾತ್ರ ಸತ್ತವರ ಮನೆಗೆ ಬಂದವನಂತೆ ಕೇಕು ಹಿಡಿದು ನಿಂತಿದ್ದಾನೆ.

ಒಣ ನೆಲ ಇರುವವರೆಗೆ ಕ್ಯಾನುಗಳು ಜೀಪಿನಲ್ಲೇ ಏರಿದವು. ಸಿದ್ದಕ್ಕನೂ ಚರ್ಮದ ಸೀಟಿನ ಮೇಲೆ ಒಮ್ಮೆ ಕೂತು, “ಮೆತ್ತಗೈತಿ ಹಾಲ್ಯಾ, ಎಮ್ಮಿ ಕೆಚ್ಚಲ ಇದ್ದಂಗೈತಿ” ಎಂದು ಹೊಗಳಿದಳು. ಅವನು ಅದಕ್ಕೂ ಉಗುಳಿದ. ದಿನವೂ ಆಕಾಶ ನೋಡುತ್ತಿದ್ದ, ಮಾಡಿನ ಗಾಜಿನಿಂದಲ್ಲ.

ಮೃಗಶಿರದ ಮಳೆ ಎರಡು ದಿನ ಕೂಡಿ ಹೊಡೆಯಿತು. ಮೂರನೆಯ ಮುಂಜಾನೆ ನಾನು ಅಲ್ಲೇ ಇದ್ದೆ, ಬಿತ್ತಿಗೆಯ ಮಾತಿಗೆಂದು ಹೋಗಿದ್ದೆ. ಹೆಂಗಸರನ್ನು ಕೂರಿಸಿಕೊಂಡು, ಕ್ಯಾನು ತುಂಬಿದ ಟ್ರಾಲಿ ಕಟ್ಟಿಕೊಂಡ ಜೀಪು ದಿನ್ನೆಯ ಅರ್ಧಕ್ಕೆ ಬಂದು ಉಬ್ಬಸ ಹತ್ತಿದ ಮುದುಕನಂತೆ ಕೆಮ್ಮಿ ನಿಂತಿತು. ನಾಲ್ಕೂ ಗಾಲಿಗೆ ಎರೆ ಮೆತ್ತಿಕೊಂಡು ಗಾಲಿ ಯಾವುದು ನೆಲ ಯಾವುದು ತಿಳಿಯದಂತಾಯಿತು. ಇನ್ನಷ್ಟು ಒತ್ತಿದರೆ ಎಂಜಿನ್ನು ಬಂದ್. ಒಳಗಿನ ಪರದೆ ಮಾತ್ರ ಬೆಳಗುತ್ತ, ಹೊರಗೆ ಮಳೆ ಇದೆ ಎಂದು ತೋರಿಸುತ್ತಿತ್ತು.

“ಇಳೀರೆವ್ವಾ, ನೂಕೂಣು,” ಎಂದಳು ಸಿದ್ದಕ್ಕ.

“ಯಾರೂ ಇಳ್ಯಾಂಗಿಲ್ಲ!” ಹಾಲಸಿದ್ದಪ್ಪ ಒದರಿದ. ಅವನ ಹಳೆಯ ಜೀಪನ್ನು ಎಂದೂ ಯಾರೂ ನೂಕಿರಲಿಲ್ಲ. ಆದರೆ ಮೇಲಿಂದ ಲಾರಿಯ ಹಾರ್ನು ಕೇಳಿತು, ಹೆಂಗಸರು ಇಳಿದೇಬಿಟ್ಟರು. ನಾನೂ ಪಂಚೆ ಎತ್ತಿ ಕಟ್ಟಿದೆ. ನೂಕಿದ್ದಕ್ಕೆ ಗಾಲಿ ಎರಚಿದ ಎರೆ ಸಿದ್ದಕ್ಕನ ಮುಖಕ್ಕೆ ಬಡಿಯಿತು. ಆಕೆ ಸೆರಗಿನಿಂದ ಒರೆಸಿಕೊಂಡು, ಟ್ರಾಲಿಯಿಂದ ತನ್ನ ಕ್ಯಾನು ಇಳಿಸಿ, ತಲೆಯ ಮೇಲಿಟ್ಟುಕೊಂಡು ಏರತೊಡಗಿದಳು. ಒಬ್ಬರ ಹಿಂದೆ ಒಬ್ಬರು ಉಳಿದವರೂ ಹೊರಟರು. ಹಾಲಸಿದ್ದಪ್ಪ ಸ್ಟಿಯರಿಂಗ್ ಹಿಡಿದು ಅವರು ಹೋಗುವುದನ್ನೇ ನೋಡುತ್ತ ಕೂತ. ಉಗುಳಲಿಲ್ಲ. ಅವನ ಬಾಯಿ ಒಣಗಿದ್ದನ್ನು ನಾನು ನೋಡಿದ್ದು ಆವತ್ತೇ.

“ಎರಡ ಸರತಿ ಅರ್ಧರ್ಧ ಒಯ್ಯೋ,” ಎಂದೆ ಸಂಜೆ.

ಅಲ್ಲೇ ಕೂತಿದ್ದ ಸಿದ್ದಕ್ಕ ನನ್ನ ಮೇಲೆ ಹಾಯ್ದಳು. “ಲಾರಿ ಕಾಯ್ತೈತೇನ್ರಿ ಸಾವಕಾರ್ರ? ಜಲ್ದಿ ಹಿಂಡು ಅಂತ ಎಮ್ಮಿಗೆ ನೀವ ಹೇಳ್ತೀರೇನು?”

ರಾಹುಲನಿಗೆ ಫೋನ್ ಮಾಡಿದೆವು. ಮುಂದೆ ಬರುವ ಹೊಸ ಮಾಡೆಲಿಗೆ ಮಾಡಿನ ಗಾಜು ಇನ್ನೂ ಅಗಲ ಬರಲಿದೆ ಎಂದು ಹೇಳಿದ. ಎಂಜಿನ್ನು ಅದೇ.

ಆಮೇಲಿನ ವಾರ ಹೋದರೆ ತಂಗೆವ್ವ ಕಟ್ಟೆಯ ಮೇಲೆ ಚರ್ಮದ ಸೀಟಿನಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ಪಕ್ಕದ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಹಿತ್ತಲಿನ ಕರುವಿನ ದೊಡ್ಡಿಗೆ ಜೀಪಿನ ಕೆಂಪು ಬಾಗಿಲು ಅಡ್ಡವಾಗಿತ್ತು.

“ಏನವ್ವಾ ಇದು?”

“ನನ್ನ ಕೇಳಬ್ಯಾಡ್ರಿ. ಎಂಜಿನ್ ದೊಡ್ಡದು ಮಾಡಾಕ ಆಗೂದಿಲ್ಲಂತ, ಗಾಡೀನ ಸಣ್ಣದು ಮಾಡಾಕತ್ತಾರು.”

ಹಾಲಸಿದ್ದಪ್ಪ ಜೀಪಿನ ಅಡಿಯಿಂದ ಹೊರಬಂದ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ದಿನವೂ ಒಂದೊಂದು ಬಿಚ್ಚಿ, ಕ್ಯಾನು ಹೇರಿ, ದಿನ್ನೆ ಏರಿಸಿ ನೋಡಿದ್ದನಂತೆ. ಹಿಂದಿನ ಸೀಟು ತೆಗೆದಾಗ ಒಂದು ಮಾರು ಹೆಚ್ಚು ಏರಿತು. ಬಾಗಿಲು ತೆಗೆದಾಗ ಇನ್ನಷ್ಟು. ಗಾಜಿನ ಸಮೇತ ಮಾಡು ಹೋಯಿತು, ಪರದೆ ಹೋಯಿತು, ಹಾಡಿನ ಡಬ್ಬಿಗಳು ಹೋದವು, ಕಾಲಿನ ದೀಪ ಹೋಯಿತು. ಉಳಿದದ್ದು ಎಲುಬು, ಎಂಜಿನ್ನು, ಮತ್ತು ಓಡಿಸುವವನಿಗೆ ಕೂರಲು ಒಂದು ಗೋಣಿಚೀಲ. ಟ್ರಾಲಿಯನ್ನೂ ಬಿಟ್ಟು, ಕ್ಯಾನುಗಳನ್ನು ಸೀಟಿದ್ದ ಜಾಗದಲ್ಲೇ ಒತ್ತಾಗಿ ನಿಲ್ಲಿಸಿ ಹಗ್ಗ ಬಿಗಿದಿದ್ದ. ರೊಕ್ಕ ಕೊಟ್ಟು ತಂದದ್ದನ್ನೆಲ್ಲ ಕಳಚಿ ಎಸೆದು, ಬೇಕಾದದ್ದನ್ನು ಪಡೆಯಲು ಹೊರಟ ಗಿರಾಕಿಯನ್ನು ನನ್ನ ಇಡೀ ವ್ಯಾಪಾರದಲ್ಲಿ ನಾನು ನೋಡಿದ್ದು ಇವನೊಬ್ಬನನ್ನೇ.

ನಾನಿರುವಾಗಲೇ ರಾಹುಲ ಬಂದ, ಮೊದಲ ಸರ್ವಿಸಿಗೆ ಗಾಡಿ ಯಾಕೆ ಬರಲಿಲ್ಲವೆಂದು ಕೇಳಲು. ಕೋಳಿ ಕೂತ ಸೀಟು ನೋಡಿ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಅಂಕಲ್, ವಾರಂಟಿ ಹೋತ್ರಿ!”

“ಹೋಗಲಿ. ಅದರದೂ ತೂಕ ಇತ್ತು.”

“ಕಂಪನಿಯಿಂದ ಫೋನ್ ಬರತೈತ್ರಿ, ಗಾಡಿ ಹೆಂಗೈತಿ ಅಂತ. ಹತ್ತಕ್ಕ ಹತ್ತು ಅನ್ರಿ. ಇಲ್ಲಂದ್ರ ನನ್ನ ಮ್ಯಾಲ ಬರತೈತಿ.”

ಫೋನು ಬಂದದ್ದು ಮರುದಿನ ಮುಂಜಾನೆ, ಕ್ಯಾನು ಹೇರುವ ಹೊತ್ತಿಗೆ. ಮಳೆ ಸಣ್ಣಗೆ ಹಿಡಿದಿತ್ತು. ಹುಡುಗಿಯ ದನಿ ಬೆಂಗಳೂರಿನ ಕನ್ನಡದಲ್ಲಿ ಕೇಳಿತು: ಸೀಟಿನ ಆರಾಮಕ್ಕೆ ಎಷ್ಟು ಅಂಕ ಕೊಡುತ್ತೀರಿ ಸರ್?

“ಕೋಳಿಗೆ ಆರಾಮೈತ್ರಿ,” ಎಂದ ಹಾಲಸಿದ್ದಪ್ಪ.

ಹುಡುಗಿ ಎಂಜಿನ್ನಿನ ಶಕ್ತಿಗೆ ಎಷ್ಟು ಎಂದಳು.

“ತಂಗೀ, ಬರಕೋ. ರಾಹುಲ ಅನ್ನೂ ಹುಡುಗಗ ಹತ್ತು. ಎಂಜಿನ್ನಿಗೆ ನೀವ ಕೊಡಬೇಕು, ನಾನಲ್ಲ. ದೊಡ್ಡದು ಮಾಡಾಕ ಬರತೈತಿ ನಿಮಗ, ಹಡಗ ತುಂಬಿ ಕಳಸ್ತೀರಿ. ಒಂದ ಇತ್ತಾಗ ಕಳಸ್ರಿ.” ಮೇಲೆ ಲಾರಿಯ ಹಾರ್ನು ಕೇಳಿತು. ಫೋನನ್ನು ನನ್ನ ಕೈಗೆ ತುರುಕಿ ಗೋಣಿಚೀಲದ ಮೇಲೆ ಕೂತ.

ಸಿದ್ದಕ್ಕ ಹಿಂದೆ ಕ್ಯಾನುಗಳ ನಡುವೆ ನಿಂತು ಕಂಬಿ ಹಿಡಿದುಕೊಂಡಳು. ಜೀಪು ಬುಡದ ಎರೆಗೆ ಬಿತ್ತು, ತೂರಾಡಿತು, ಕೆಮ್ಮಿತು. ಅರ್ಧದಲ್ಲಿ, ಅಂದು ನಿಂತ ಜಾಗದಲ್ಲಿ ಒಂದು ಗಳಿಗೆ ನಿಂತೇಬಿಟ್ಟಿತೆಂದು ಕಂಡಿತು. ಎಲುಬೆಲ್ಲ ನಡುಗಿ, ಗಾಲಿ ಕಲ್ಲಿನ ಅಂಚನ್ನು ಕಚ್ಚಿತು. ಆಮೇಲೆ ಹೊಗೆ ಬಿಡುತ್ತ, ತೆವಳುತ್ತ, ಕ್ಯಾನುಗಳೆಲ್ಲ ಒಂದಕ್ಕೊಂದು ಬಡಿದು ಗದ್ದಲ ಮಾಡುತ್ತ, ಏರಿ ನೆತ್ತಿಗೆ ಬಂತು. ನಾನು ಏದುಸಿರು ಬಿಡುತ್ತ ಹಿಂದೆಯೇ ಮುಟ್ಟಿದೆ. ಲಾರಿ ಇನ್ನೂ ಇತ್ತು.

ಲಾರಿಯವನು ಬಾಗಿಲಿಲ್ಲದ, ಮಾಡಿಲ್ಲದ ಹೊಸ ಜೀಪನ್ನು ಸುತ್ತಿ ನೋಡಿದ. “ಏನೋ ಇದು, ಯಾರರೆ ಕಳವು ಮಾಡ್ಯಾರೇನು?”

“ಕಳವು ಮಾಡಿದ್ದು ಕಂಪನಿಯವರು. ಉಳಿದದ್ದು ನಾ ಬಿಚ್ಚೀನಿ.”

ಕ್ಯಾನುಗಳು ಲಾರಿಗೆ ಹೋದವು. ಸಿದ್ದಕ್ಕ ಇಳಿಯುವಾಗ ಆಕೆಯ ಬಗಲಲ್ಲಿ ಸುತ್ತಿದ ಬಟ್ಟೆಯೊಂದು ಹಾಲಸಿದ್ದಪ್ಪನ ಕಣ್ಣಿಗೆ ಬಿತ್ತು. ತಲೆಯ ಮೇಲೆ ಕ್ಯಾನಿನ ಅಡಿಗೆ ಇಟ್ಟುಕೊಳ್ಳುವ ಸಿಂಬಿ.

“ಅದನ್ಯಾಕ ತಂದೀ? ಏರಿತಲ್ಲ ಗಾಡಿ!”

“ಇವತ್ತ ಏರಿತಪಾ. ನಾಳೀದು ಯಾರಿಗೆ ಗೊತ್ತೋ ಹಾಲ್ಯಾ? ಇನ್ನ ಬಿಚ್ಚಾಕ ಏನರೆ ಉಳದೈತೇನು ಇದರಾಗ?”

ಅವನು ಜೀಪಿನ ಸುತ್ತ ಒಮ್ಮೆ ನೋಡಿದ. ನಿಜವಾಗಿಯೂ ಏನೂ ಉಳಿದಿರಲಿಲ್ಲ. ಬಾನೆಟ್ ಎತ್ತಿ, ಒಳಗೆ ಮೂಲೆಯಲ್ಲಿ ಕೂತಿದ್ದ ಆ ಸಣ್ಣ ಎಂಜಿನ್ನನ್ನು ಕೆಟ್ಟ ಕೆಲಸ ಮಾಡಿ ಸಿಕ್ಕಿಬಿದ್ದವನನ್ನು ನೋಡುವಂತೆ ನೋಡಿ, ಮನದುಂಬಿ ಉಗುಳಿದ. ಬಿಸಿ ಎಂಜಿನ್ನಿನ ಮೇಲೆ ಅದು ಚುರ್ ಎಂದಿತು. ಬಾನೆಟ್ ಮುಚ್ಚಿ, ಖಾಲಿ ಕ್ಯಾನು ಹೇರಿಕೊಂಡು ಕೆಳಗಿಳಿದ.